ಲಗ್ನಪತ್ರಿಕೆಯ ದಪ್ಪ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವರು ಮದುವೆಯಾದಂದಿನಿಂದ ಹೇಳುತ್ತಾ ಬಂದಿದ್ದಾರೆ. ಇರಬಹುದು. ಆದರೆ ಅವರ ಬಲಗೈ ನಡುಗಲು ಶುರುವಾದ ಮೇಲೆ ಆ ಸಿಟ್ಟನ್ನು ಎಷ್ಟು ನುಂಗಿದ್ದೇನೆಂದು ನನಗೇ ಗೊತ್ತು. ಚಿತ್ರದುರ್ಗದಲ್ಲಿ ತಂಬೂರಿ, ಹಾರ್ಮೋನಿಯಂ ರಿಪೇರಿ ಅವರ ಮನೆತನದ ಕಸುಬು. ನಡುಗುವ ಕೈಯಲ್ಲಿ ಅದು ಎಷ್ಟು ಕಾಲ ನಡೆದೀತು ಎಂಬ ಮಾತು ನಾನು ಎತ್ತಿದರೆ ಸಾಕು, ಎದ್ದು ಟೀ ಕುಡಿಯಲು ಹೋಗಿಬಿಡುತ್ತಿದ್ದರು. ‘ನಾನು ಮಾಡ್ತೀನಿ ಬಿಡ್ರಿ’ ಎಂದರೆ ನಗುತ್ತಿದ್ದರು.

ಮಾಡದಕೆರೆ ಕಡೆಯ ಕುರಿ ಸಾಕುವ ಮನೆಯವರೊಬ್ಬರು ಭಜನೆಯ ತಂಬೂರಿ ತಂದಿದ್ದರು. ಸೋರೆ ಬುರುಡೆಗೂ ಮೇಲಿನ ಹಲಗೆಗೂ ಕೂಡುವ ಅಂಚಿನ ಸುತ್ತ ಬೀಟೆ ಮರದ ತೆಳು ಪಟ್ಟಿ ಇರುತ್ತದೆ, ಅದು ಕಿತ್ತುಹೋಗಿತ್ತು. ಹೊಸ ಪಟ್ಟಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಸವೆಸಬೇಕು. ದಪ್ಪ ಉಳಿದರೆ ಬಾಗಿಸುವಾಗ ಮುರಿಯುತ್ತದೆ, ತೀರಾ ತೆಳುವಾದರೆ ಅಂಚು ತಗ್ಗಾಗುತ್ತದೆ. ಇದಕ್ಕೆ ನಮ್ಮ ಮಾವನವರ ಕಾಲದಿಂದ ಒಂದೇ ಅಳತೆ: ಮಡಿಸಿದ ಲಗ್ನಪತ್ರಿಕೆಯ ದಪ್ಪ. ಪತ್ರಿಕೆಯನ್ನೂ ಪಟ್ಟಿಯನ್ನೂ ಗಾಜಿನ ಮೇಲೆ ಒತ್ತಾಗಿ ಇಟ್ಟು ಉಗುರು ಎಳೆದರೆ ಎಲ್ಲೂ ತಡೆಯಬಾರದು. ನಮ್ಮವರಿಗೆ ಪತ್ರಿಕೆಯೂ ಬೇಕಿರಲಿಲ್ಲ, ಎರಡು ಬೆರಳ ನಡುವೆ ಹಿಡಿದೇ ಹೇಳುತ್ತಿದ್ದರು. ಉಜ್ಜುವವಳು ನಾನು, ಸಾಕು ಎನ್ನುವವರು ಅವರು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಅವತ್ತು ಅವರ ಬೆರಳು ಸ್ಥಿರವಾಗಿ ನಿಲ್ಲಲಿಲ್ಲ. ಎದುರಿಗೆ ಯಾರದೋ ಮದುವೆಯ ಕಾರ್ಡು ಬಿದ್ದಿತ್ತು. ಅದನ್ನೇ ಮಡಿಸಿ ಗಾಜಿನ ಮೇಲಿಟ್ಟು ಅಳೆದು ‘ಸರಿ ಐತೆ’ ಎಂದರು. ಬಾಗಿಸಲೆಂದು ನೀರು ಹಚ್ಚಿ ಕಾದ ಕಬ್ಬಿಣದ ಕೊಳವೆಗೆ ಒತ್ತಿದರೆ ಪಟ್ಟಿ ಲಟಕ್ಕನೆ ಎರಡಾಯಿತು.

‘ಮರಾನೇ ಸರಿ ಇಲ್ಲ’ ಎಂದರು.

‘ಕುಣಿಯಲಾರ್ದೋಳು ನೆಲ ಡೊಂಕು ಅಂದ್ಳಂತೆ’ ಎಂದುಬಿಟ್ಟೆ.

ಅವರ ಮುಖ ಕಂದಿತು. ಮನೆಯಲ್ಲಿ ನಮ್ಮದು ಉರ್ದು, ಅಂಗಡಿಗೆ ಇಳಿದರೆ ಕನ್ನಡ. ಆಡಿದ ಮಾತನ್ನು ಎರಡರಲ್ಲೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಸುಮ್ಮನಿರಲಾರದೆ ಕಾರ್ಡನ್ನು ಕೈಗೆತ್ತಿಕೊಂಡೆ. ಈಗಿನವು ರಟ್ಟಿನ ಹಾಗಿರುತ್ತವೆ, ಮೇಲೆ ಮಖಮಲ್ಲು ಬೇರೆ.

‘ನಿಮ್ಮ ಕೈದೇನೂ ತಪ್ಪಿಲ್ರಿ, ಕಾರ್ಡೇ ದಪ್ಪ ಐತೆ’ ಎಂದೆ. ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವರು ಕಾರ್ಡನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಿದರು.

‘ನನಗೆ ಗೊತ್ತೇ ಆಗ್ಲಿಲ್ವಲ್ಲೇ’ ಎಂದರು.

ಹಳೆಯ ಪತ್ರಿಕೆಯೊಂದನ್ನು ಹುಡುಕಿ ತೆಗೆದೆ. ಎರಡನೆಯ ಪಟ್ಟಿಯನ್ನು ನಾನೇ ಉಜ್ಜಿದೆ, ಸಾಕು ಎಂದೂ ನಾನೇ ಹೇಳಿಕೊಂಡೆ. ಅವರು ಟೀಗೆ ಏಳದೆ ಎದುರಿಗೇ ಕುಳಿತಿದ್ದರು. ಪಟ್ಟಿ ಹಸಿ ಹುಣಸೆ ಬರಲಿನ ಹಾಗೆ ಬಾಗಿ ಅಂಚಿಗೆ ಕೂತಿತು. ಅಂಟು ಒಣಗಿದ ಮೇಲೆ ತಂತಿ ಮೀಟಿ ನೋಡಿ ತಂಬೂರಿಯನ್ನು ಗೋಡೆಗೆ ಒರಗಿಸಿದರು. ಹೊಗಳುವ ಅಭ್ಯಾಸ ಅವರ ವಂಶದಲ್ಲೇ ಇಲ್ಲ.

ತಂಬೂರಿಯವರು ಬಂದು ಅಂಚಿನ ಮೇಲೆ ಕೈಯಾಡಿಸಿದರು. ‘ಚೆನ್ನಾಗಿ ಆಗೈತೆ ಸಾಬ್ರೇ. ನಮ್ಮೂರಾಗೆ ಇನ್ನೊಂದೈತೆ, ತರ್ಲಾ? ಮಾಡಿ ಕೊಡ್ತೀರಾ?’

‘ನನ್ನ ಕೇಳಬ್ಯಾಡ್ರಿ’ ಎಂದು ನಮ್ಮವರು ನನ್ನ ಕಡೆ ಕೈ ತೋರಿಸಿದರು. ‘ಅವ್ರನ್ನ ಕೇಳ್ರಿ.’

ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆ! ಬಂದಾಗ ಸಂತೋಷವೇನೂ ಆಗಲಿಲ್ಲ. ಮೊದಲಿನ ಹಾಗೆ ‘ನಾನಿದೀನಲ್ಲ’ ಎಂದು ಅವರೇ ಹೇಳಬಾರದಿತ್ತೇ ಅನ್ನಿಸಿತು.

‘ತಗಂಡು ಬರ್ರಿ’ ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ನನ್ನ ಕಡೆ ತೋರಿಸಿದ ಅವರ ಕೈ ಇನ್ನೂ ಹಾಗೇ ಚಾಚಿಕೊಂಡು ನಡುಗುತ್ತಿತ್ತು. ಬೇರೆಯವರ ಎದುರಿಗೆ ಅವರು ಅದನ್ನು ಜೇಬಿಗೆ ಹಾಕಿಕೊಳ್ಳದೆ ಬಿಟ್ಟಿದ್ದು ಅದೇ ಮೊದಲು.