ನೆಗಡಿಯಾದ ಜೀವಕೋಶ

ಬಾಳೆಹಣ್ಣಿನ ಸಿಪ್ಪೆ ಸ್ವಲ್ಪ ಕಪ್ಪಾದರೆ ಸಾಕು, ಎಲ್ಲಿದ್ದವೋ ಆ ಹಣ್ಣಿನ ನೊಣಗಳು, ಕರೆಯದೆಯೇ ಹಾಜರು. ನೀವು ಕೈಬೀಸಿ ಓಡಿಸಿರುತ್ತೀರಿ. ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ತಲೆ ಬೆಳ್ಳಗಾದ ನಾನು ಮಾತ್ರ ಅವನ್ನು ಅನ್ನದಾತರೆಂದು ಗೌರವಿಸುತ್ತೇನೆ. ಆ ಯಃಕಶ್ಚಿತ್ ಪ್ರಾಣಿ ಇನ್ನೂ ಸಾಸಿವೆಗಿಂತ ಸಣ್ಣ ತತ್ತಿಯೊಳಗೆ ಭ್ರೂಣವಾಗಿರುವಾಗಲೇ ಅದರ ಒಂದು ಗುಂಪಿನ ಜೀವಕೋಶಗಳು ಒಳಕ್ಕಿಳಿದು, ಹೊರಪದರ ಸ್ರವಿಸುವ ರಾಸಾಯನಿಕ ಸಂಕೇತವನ್ನು ಹಿಡಿದು, ಆ ಪದರದ ಮೈಯುದ್ದಕ್ಕೂ ಹರಡಿಕೊಳ್ಳುತ್ತವೆ. ಮುಂದೆ ಅವುಗಳಲ್ಲೇ ಕೆಲವು ಹೃದಯವಾಗುತ್ತವೆ. ಸಂಕೇತವನ್ನು ಗ್ರಹಿಸುವ ಗ್ರಾಹಕವೇ ಇಲ್ಲದಿದ್ದರೆ ಬಂದಲ್ಲೇ ಗುಡ್ಡೆಯಾಗಿ ಉಳಿಯುತ್ತವೆ, ಹೃದಯ ಮೂಡುವುದಿಲ್ಲ.

ಇದನ್ನು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬಾಣ ಬರೆದು ಬೋಧಿಸಿದ್ದೇನೆ, ವಿದ್ಯಾರ್ಥಿಗಳು ಅಷ್ಟೇ ನಿಷ್ಠೆಯಿಂದ ಆಕಳಿಸಿದ್ದಾರೆ. ಹೀಗಿರಲು ರಾಮದುರ್ಗದಿಂದ ವರ್ಗವಾಗಿ ರಜಿಯಾ ಮೇಡಂ ನಮ್ಮ ವಿಭಾಗಕ್ಕೆ ಬಂದರು. ಹುಡುಗರೆಲ್ಲ ಅವರ ಪಾಠಕ್ಕೆ ಮರುಳಾದದ್ದನ್ನು ಹೇಗೋ ಸಹಿಸಿದೆ. ಆದರೆ ನನ್ನ ಮಗಳು ಗಿರಿಜಾ, ಕಿತ್ತೂರಿನ ಸೆಮಿನಾರಿನಲ್ಲಿ ಇದೇ ವಿಷಯ ಮಂಡಿಸಬೇಕಾದ ಬಿ.ಎಸ್ಸಿ. ವಿದ್ಯಾರ್ಥಿನಿ, ಮನೆಯಲ್ಲೇ ಒಬ್ಬ ಪ್ರಾಣಿಶಾಸ್ತ್ರಜ್ಞ ಲುಂಗಿಯುಟ್ಟು ಕುಳಿತಿರುವಾಗ ಆ ಮೇಡಂ ಮನೆಗೆ ಹೋಗಿ ಸಂಶಯ ಕೇಳತೊಡಗಿದಳಲ್ಲ, ಆಗ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮುಚ್ಚಿಡುವುದೇಕೆ, ಅದು ಶುದ್ಧ ಮತ್ಸರ. ಚಿಕ್ಕಂದಿನಲ್ಲಿ ಮಿಡತೆ ಹಿಡಿದು ತಂದು "ಇದರ ಕಾಲ ಯಾಕ ಹಿಂಗೈತಿ?" ಎಂದು ನನ್ನನ್ನೇ ಕೇಳುತ್ತಿದ್ದವಳು! ಆ ಪ್ರಶ್ನೆಗಳು ಇನ್ನು ನನ್ನ ಕಡೆ ಬರಲಾರವೇ ಎಂಬುದೇ ನನ್ನ ಚಿಂತೆಯಾಗಿತ್ತು.

ಒಂದು ರವಿವಾರ ಸಂಜೆ ಮಗಳನ್ನು ಕರೆತರುವ ನೆಪದಲ್ಲಿ ಮೇಡಂ ಮನೆಗೆ ಹೋದೆ. ಮಾಳಿಗೆಯ ಮೇಲೆ ಹುಡುಗಿಯರು ಓಢಣಿಯಿಂದ ಕಣ್ಣು ಕಟ್ಟಿಕೊಂಡು ನಿಂತಿದ್ದರು. ಆಗಷ್ಟೇ ಕರಿದ ಮಿರ್ಚಿ ಭಜಿಯ ತಾಟು ಹಿಡಿದು ಮೇಡಂ ಮೂಲೆಯಲ್ಲಿ. ಹುಡುಗಿಯರೇ ಜೀವಕೋಶಗಳು, ವಾಸನೆಯೇ ಸಂಕೇತ.

"ಬರ್ರಿ ಸರ, ಒಂದು ಕೋಶ ಕಡಿಮಿ ಐತಿ," ಎಂದರು ಮೇಡಂ. ಹಿರಿಯ ಪ್ರಾಧ್ಯಾಪಕನ ಕಣ್ಣಿಗೂ ಓಢಣಿ ಬಿತ್ತು.

ಎಷ್ಟು ಉಸಿರೆಳೆದರೂ ನನಗೆ ಏನೂ ಬರಲಿಲ್ಲ. ವಾಸನೆಯನ್ನೂ ಈಕೆ ತನ್ನ ಶಿಷ್ಯೆಯರಿಗೇ ಹಂಚಿದಳೇ ಎಂದು ಒಂದು ಕ್ಷಣ ಶಂಕಿಸಿದೆ. ಆಮೇಲೆ ನನಗಾಗಿದ್ದ ನೆಗಡಿ ನೆನಪಾಯಿತು. ಕಣ್ಣು ಬಿಚ್ಚಿದಾಗ ಎಲ್ಲರೂ ತಾಟಿನ ಸುತ್ತ, ನಾನೊಬ್ಬ ನಿಂತಲ್ಲೇ.

"ಮೇಡಂ, ನಮ್ಮಪ್ಪಗ ಗ್ರಾಹಕಾನ ಇಲ್ರಿ!" ಎಂದಳು ಗಿರಿಜಾ. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

ಮರಳುವಾಗ ಸ್ಕೂಟರಿನ ಹಿಂದಿನಿಂದ ಅವಳ ದನಿ ಬಂತು: "ಅಪ್ಪಾ, ಹೋಗಿ ಮುಟ್ಟಿದ ಮ್ಯಾಲ ಕೋಶಕ್ಕ 'ಇನ್ನ ಸಾಕು, ನಿಲ್ಲು' ಅಂತ ಯಾರು ಹೇಳತಾರ?"

ನನ್ನನ್ನೇ ಕೇಳಿದ್ದಳು! ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳತೇನಿ. ಅಲ್ಲೀತನಕ ಮೇಡಂಗ ಕೇಳಬ್ಯಾಡ," ಎಂದೆ.

"ಅವರನ್ನ ಮೊದಲ ಕೇಳೀನಿ. 'ನನಗ ಗೊತ್ತಿಲ್ಲವ್ವಾ, ನಿಮ್ಮಪ್ಪಾರನ್ನ ಕೇಳಿ ಬಂದು ನನಗೂ ಹೇಳು' ಅಂದ್ರು."

ಅವರಿಗೂ ಗೊತ್ತಿಲ್ಲವೆಂದು ಒಳಗೊಳಗೇ ಹಿಗ್ಗಿದೆ. ಮರುಗಳಿಗೆಯಲ್ಲೇ ಮತ್ತೆ ಹೊಟ್ಟೆ ಉರಿಯಿತು: 'ಗೊತ್ತಿಲ್ಲ' ಎಂಬ ಮಾತನ್ನು ಎಷ್ಟು ಸಲೀಸಾಗಿ ಆಡಿದ್ದರು! ಸ್ಕೂಟರು ನಿಲ್ಲಿಸಿದೆ. ಹಿಂದೆ ತಿರುಗಿದೆ.

"ನನಗೂ ಗೊತ್ತಿಲ್ಲವ್ವಾ," ಎಂದೆ.