ಅನಸೂಯಮ್ಮನವರು ಆರಿಸಿದ ಮಾನಿಟರ್

ಒಬ್ಬ ಹೆಡ್‌ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆ ಹೆಸರು ಬರೆಯುವಾಗ ನನ್ನ ಕೈ ಕಾಗದವನ್ನು ಹರಿದುಬಿಡುತ್ತದೆ. ನನ್ನ ಮಗಳು ಚೈತನ್ಯ ಎಂಟನೇ ತರಗತಿಗೆ ಸೇರಿದ ವರ್ಷ, ಎರಡು ಸಾವಿರದ ಐದರಲ್ಲಿ, ಅವರು ನನ್ನನ್ನು ಸ್ಕೂಲಿಗೆ ಕರೆಸಿದರು. ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಬೆಂಚಿನ ಮೇಲೆ ಕೂತಿದ್ದ ಹಾಗೆಯೇ ಶುರು ಮಾಡಿದರು.

"ನೋಡ್ರೀ ಆವಲಪ್ಪ, ನಿಮ್ಮ ಹುಡುಗಿಗೆ ಬೋರ್ಡೂ ಕಾಣಲ್ಲ, ಪುಸ್ತಕಾನೂ ಕಾಣಲ್ಲ. ಅರ್ಧ ವರ್ಷದ ಪರೀಕ್ಷೆವರೆಗೂ ನೋಡ್ತೀನಿ. ಆಮೇಲೆ ಟಿ.ಸಿ. ಇಸ್ಕೊಂಡು ಹೋಗಿ. ರೇಷ್ಮೆ ಗೂಡು ಬೇಯಿಸೋಕೆ ಎಸ್ಸೆಸ್ಸೆಲ್ಸಿ ಯಾಕ್ರೀ ಬೇಕು?"

ಬೆಂಚಿನಲ್ಲಿ ಯಾರೋ ನಕ್ಕರು. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು, ಅದಕ್ಕೇ ಆ ಕೈ ಮೇಲೇಳಲಿಲ್ಲ.

ಚೈತನ್ಯಳ ಕಣ್ಣು ಹುಟ್ಟಿದಾಗಿನಿಂದ ಮಂದ. ಬಿಸಿಲು ಬಿದ್ದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಣ್ಣಿನ ಡಾಕ್ಟರು, ಯಾವ ಕನ್ನಡಕವೂ ಇದಕ್ಕೆ ಆಗುವುದಿಲ್ಲ, ಅಕ್ಷರ ದೊಡ್ಡದಾಗಿದ್ದರೆ ಓದುತ್ತಾಳೆ ಎಂದು ಹೇಳಿ ಕಳಿಸಿದ್ದರು. ಬುದ್ಧಿಗೇನೂ ಮಂದವಿರಲಿಲ್ಲ. ಒಂದು ಸಲ ಓದಿ ಹೇಳಿದರೆ ತಿರುಗಿ ಹಾಗೇ ಒಪ್ಪಿಸುತ್ತಿದ್ದಳು. ಓದಿ ಹೇಳುವವರು ಯಾರು? ನನ್ನದು ಐದನೇ ಕ್ಲಾಸು, ಅವರಮ್ಮ ಮುನಿಲಕ್ಷ್ಮಿಯದು ಮೂರನೆಯದು. ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಇಬ್ಬರೂ ಮೊದಲ ಸಾಲಿಗೇ ಮುಗ್ಗರಿಸುತ್ತಿದ್ದೆವು.

ಸ್ಕೂಲಿನಿಂದ ನೇರವಾಗಿ ಮಗಳನ್ನು ಎಳೆದುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅಲ್ಲಿ ಅನಸೂಯಮ್ಮನವರು ಟೈಪಿಂಗ್ ಕಲಿಸುತ್ತಿದ್ದರು. ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ರಿಟೈರ್ ಆದವರು, ಒಂಟಿ ಹೆಂಗಸು, ಗಂಡ ಹೋಗಿ ಬಹಳ ಕಾಲವಾಗಿತ್ತು. ನಾನು ಮೇಲೂರಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವನು. ಮನೆಗೆ ಅಂಟಿಕೊಂಡ ನಮ್ಮ ಶೆಡ್ಡಿಗೆ ಕರೆಂಟು ಬೇಕಾದಾಗ ಅರ್ಜಿ ಟೈಪ್ ಮಾಡಿಕೊಟ್ಟವರು ಅವರೇ. ಈ ಸಲ ಮೇಷ್ಟ್ರ ಮೇಲೆ ದೂರಿನ ಅರ್ಜಿ ಬೇಕೆಂದೆ. ಅದರಲ್ಲಿ ಏನೇನು ಬರೆಯಬೇಕೆಂದು ಜೋರಾಗಿ ಹೇಳುತ್ತಾ ಹೋದೆ. ಟೈಪ್ ಕಲಿಯುತ್ತಿದ್ದ ಹುಡುಗಿಯರು ಬೆರಳು ನಿಲ್ಲಿಸಿ ನನ್ನನ್ನೇ ನೋಡಿದರು.

"ಕೂತ್ಕೊಳಪ್ಪ," ಅಂದರು ಅನಸೂಯಮ್ಮ. "ನೀನು ಹೇಳಿದ್ದೆಲ್ಲಾ ಟೈಪ್ ಮಾಡಿದ್ರೆ ನನ್ನ ಮಿಷನ್ನಿಗೇ ಜ್ವರ ಬರುತ್ತೆ. ಅರ್ಜಿಯಿಂದ ಆ ಮೇಷ್ಟ್ರಿಗೆ ಏನಾದರೂ ಆಗಬಹುದು. ಈ ಮಗೂಗೆ ಏನಾಗುತ್ತೆ?"

ಅವರು ಚೈತನ್ಯಳನ್ನು ಹತ್ತಿರ ಕರೆದು, ಹಳೇ ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಿನಿಂದ ಒಂದೊಂದೇ ಪದ ಬರೆದು ತೋರಿಸಿದರು. ಮೊದಲು ಸಣ್ಣದಾಗಿ, ಆಮೇಲೆ ದೊಡ್ಡದಾಗಿ. ಅಕ್ಷರ ಹೆಬ್ಬೆರಳಿನಷ್ಟಾದಾಗ ಮಗಳು ತಡವರಿಸದೆ ಓದಿದಳು.

"ಇವಳಿಗೆ ಕಂಪ್ಯೂಟರ್ ಕೊಡಿಸು ಆವಲಪ್ಪ. ಅದರಲ್ಲಿ ಅಕ್ಷರ ಎಷ್ಟು ಬೇಕಾದ್ರೂ ಊದಿಸಬಹುದು," ಅಂದರು. "ನನಗೆ ಆ ಡಬ್ಬ ಕಂಡ್ರೆ ಆಗಲ್ಲ. ಅದು ಬಂದಮೇಲೆ ಟೈಪಿಂಗ್ ಕಲಿಯೋರೇ ಕಮ್ಮಿ ಆದ್ರು. ಆದರೂ ಕೊಡಿಸು. ತರೋವಾಗ ನಾನೂ ಬರ್ತೀನಿ."

ಶ್ರಾವಣದಲ್ಲಿ ಒಂದು ದಿನ ಗೂಡು ಬೇಯಿಸುವ ಒಲೆ ಆರಿಸಿ ಚಿಕ್ಕಬಳ್ಳಾಪುರಕ್ಕೆ ಹೊರಟೆವು. ನಾನು, ಚೈತನ್ಯ, ಅನಸೂಯಮ್ಮನವರು. ಜೊತೆಗೆ ನನ್ನ ಬಾಮೈದ ಉದಯಕುಮಾರ್, ಕುಡುಮಲಕುಂಟೆಯ ಫ್ಯಾಕ್ಟರಿಯ ಸ್ಟೋರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಬಸ್ಸಿನುದ್ದಕ್ಕೂ ರ‍್ಯಾಮು, ಹಾರ್ಡ್ ಡಿಸ್ಕು ಎಂದು ಹೇಳಿಕೊಂಡೇ ಬಂದ. ನನಗೆ ಅರ್ಥವಾದದ್ದು ಬಸ್ ಚಾರ್ಜು ಮಾತ್ರ.

ಬಿ.ಬಿ. ರಸ್ತೆಯ ಅಂಗಡಿಯಲ್ಲಿ ಮಾನಿಟರುಗಳನ್ನು ಸಾಲಾಗಿ ಇಟ್ಟಿದ್ದರು. ಉದಯ ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತ. ಹಿಂದೆ ಗುಡಾಣದ ಹಾಗೆ ಉಬ್ಬಿದ, ಮುಂದೆ ಗಾಜಿನ ಮುಖದ ಮಾನಿಟರ್.

"ಭಾವ, ಇದು ತಗೊಳ್ಳಿ. ಟಿವಿ ಇದ್ದಂಗಿದೆ. ಮಗೂಗೆ ದೊಡ್ಡದೇ ತಾನೆ ಬೇಕಾಗಿರೋದು?"

ಎತ್ತಿ ನೋಡಿದೆ, ಒಳ್ಳೇ ಭಾರ ಇತ್ತು. ಭಾರ ಇದ್ದ ಗೂಡಿನಲ್ಲಿ ನೂಲು ಜಾಸ್ತಿ, ಇದೂ ಹಾಗೇ ಇರಬೇಕೆಂದುಕೊಂಡೆ. ಅಂಗಡಿಯವನು ಅದರಲ್ಲಿ ಕನ್ನಡ ಅಕ್ಷರ ಮೂಡಿಸಿದ. ಚೈತನ್ಯ ಮುಖ ಹತ್ತಿರ ತಂದಳು, ಮತ್ತೆ ಹಿಂದೆ ಎಳೆದುಕೊಂಡಳು.

"ಅಪ್ಪ, ಅಕ್ಷರ ನಡುಗ್ತವೆ."

"ಎಲ್ಲಿ ನಡುಗುತ್ತಮ್ಮ? ಹೊಸಾ ಪೀಸು," ಅಂದ ಅಂಗಡಿಯವನು. ನಾನು ನೋಡಿದೆ, ನಡುಗುತ್ತಿರಲಿಲ್ಲ. ಉದಯ ನೋಡಿದ. "ಅವಳ ಕಣ್ಣಲ್ವಾ ಭಾವ, ಹಂಗೇ ಕಾಣುತ್ತೆ ಪಾಪ," ಅಂತ ಮೆಲ್ಲಗೆ ಅಂದ.

ಅನಸೂಯಮ್ಮ ಮಾತ್ರ, "ನಡುಗುತ್ತೆ ಅಂತ ಮಗು ಹೇಳ್ತಿದೆ. ಮುಂದಿನ್ದು ತೋರಿಸಪ್ಪ," ಅಂದರು.

ನನಗೆ ಆಗಲೇ ತಲೆ ಬಿಸಿಯಾಗಿತ್ತು. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ನೂಲನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಯಾರೂ ಕೊಳ್ಳುವುದಿಲ್ಲ. ನೂಲಿನ ಲಡಿಯನ್ನು ಬಾಗಿಲಿಗೆ ತಂದು ಹಗಲ ಬೆಳಕಿಗೆ ಹಿಡಿದರೆ ಕಲೆ, ಗಂಟು, ಬಣ್ಣ ಎಲ್ಲ ಬಯಲಾಗುತ್ತದೆ. ಈ ಅಂಗಡಿಯಲ್ಲೋ ಉದ್ದಕ್ಕೂ ಟ್ಯೂಬ್‌ಲೈಟು.

"ಇದನ್ನ ಬಾಗಿಲ ಹತ್ತಿರ ತಗೊಂಬನ್ನಿ. ಬೆಳಕಿನಲ್ಲಿ ನೋಡಬೇಕು," ಅಂದೆ.

"ಸಾರ್, ಇದೇನು ರೇಷ್ಮೆ ಲಡೀನಾ?"

"ಕೊಳ್ಳೋನು ನಾನು ಕಣಯ್ಯಾ. ತರ್ತೀಯೋ, ನಾನೇ ಹೊತ್ಕೊಂಡು ಬರಲೋ?"

ಗೊಣಗುತ್ತಾ ವೈರು ಎಳೆದು ಆ ಗುಡಾಣವನ್ನು ಬಾಗಿಲಿಗೆ ತಂದ. ಹಗಲ ಬೆಳಕು ಬಿದ್ದದ್ದೇ ಅಕ್ಷರವೆಲ್ಲ ಮಾಯ. ಗಾಜಿನಲ್ಲಿ ಕಂಡದ್ದು ರಸ್ತೆ, ಒಂದು ಆಟೋ, ಟವಲು ಹೊದ್ದ ನನ್ನ ಮುಖ. ಚೈತನ್ಯ ಎರಡೂ ಕಣ್ಣು ಮುಚ್ಚಿಕೊಂಡಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಂಪ್ಯೂಟರನ್ನು ಬಿಸಿಲಿಗಿಟ್ಟು ಪರೀಕ್ಷೆ ಮಾಡುವ ಗಿರಾಕಿಯನ್ನು ಅವರು ಕಂಡಿರಲಿಲ್ಲ. ನಾನು ಟವಲು ಕೊಡವಿ ಅಲ್ಲಿಂದ ಹೊರಡುವುದರಲ್ಲಿದ್ದೆ.

"ನಿಂತ್ಕೊ ಆವಲಪ್ಪ," ಅಂದರು ಅನಸೂಯಮ್ಮ. ಅವರು ನಗುತ್ತಿರಲಿಲ್ಲ, ಗಾಜಿನಲ್ಲಿದ್ದ ನನ್ನ ಮುಖವನ್ನೇ ನೋಡುತ್ತಿದ್ದರು. "ಈ ಮಗು ಮುಂದೆ ಕನ್ನಡಿ ಇಟ್ಟಂಗಾಯ್ತು ಇದು. ಮನೇಲೂ ಕಿಟಕಿ ಇರುತ್ತೆ, ಬಲ್ಬು ಇರುತ್ತೆ. ಅಂಗಡಿಯಪ್ಪಾ, ಆ ತೆಳ್ಳಗಿರೋದಿದೆಯಲ್ಲ, ಅದನ್ನೂ ಇದೇ ಜಾಗಕ್ಕೆ ತಾ."

ತೆಳ್ಳಗಿನದು ಒಂದೇ ಒಂದಿತ್ತು, ಮೂಲೆಯಲ್ಲಿ. ಹಲಗೆಯಷ್ಟು ದಪ್ಪ. ಮುಖ ಮಬ್ಬು, ಹೊಳಪೇ ಇಲ್ಲ. ಎತ್ತಿದರೆ ಖಾಲಿ ಮೊರದ ಹಾಗೆ ಹಗುರ. ಇಂಥ ಗೂಡನ್ನು ನಾನು ಮುಟ್ಟುವುದೂ ಇಲ್ಲ. ಬಾಗಿಲಲ್ಲಿ ಇಟ್ಟರು. ಅದರಲ್ಲಿ ನನ್ನ ಮುಖ ಕಾಣಲಿಲ್ಲ. ಅಕ್ಷರ ಸ್ವಲ್ಪ ಮಸುಕಾದರೂ ಅಲ್ಲೇ ಇತ್ತು. ಅನಸೂಯಮ್ಮ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಡಿಯವನನ್ನು ಕೇಳಿ ಕೇಳಿ ಒಂದು ಸಾಲು ಟೈಪ್ ಮಾಡಿದರು. ಏನೆಂದು ಯಾರಿಗೂ ಹೇಳಲಿಲ್ಲ. ಅಕ್ಷರವನ್ನು ಹೆಬ್ಬೆರಳಿನಷ್ಟು ಮಾಡಿಸಿ, ಮಾನಿಟರನ್ನು ಬಿಸಿಲಿಗೆ ಸ್ವಲ್ಪ ಓರೆ ಮಾಡಿ, ಚೈತನ್ಯಳನ್ನು ಕೂರಿಸಿದರು.

ಚೈತನ್ಯ ಬಗ್ಗಿದಳು. ಈ ಸಲ ಹಿಂದೆ ಸರಿಯಲಿಲ್ಲ.

"ಇದರಲ್ಲಿ ನಿಂತಿವೆ," ಅಂದಳು. ಆಮೇಲೆ ಬೆರಳಿಟ್ಟು ಓದಿದಳು: "ನಮ್ಮ ಅಪ್ಪನ ಮೂಗಿನ ತುದಿಯಲ್ಲಿ ಕೋಪ ಇದೆ, ಜೇಬಿನಲ್ಲಿ ಕಡಲೆಕಾಯಿ ಇದೆ."

ಇಡೀ ಅಂಗಡಿ ಮತ್ತೆ ನಕ್ಕಿತು. ಈ ಸಲ ನಾನೂ ನಕ್ಕೆ. ಕಡಲೆಕಾಯಿ ಇದ್ದದ್ದು ನಿಜ. ಯಾರೂ ಹೇಳಿಕೊಡದ ಸಾಲೊಂದನ್ನು ನನ್ನ ಮಗಳು ತಾನೇ ಓದಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ರಸ್ತೆಯ ಕಡೆ ತಿರುಗಿ ನಿಂತಿದ್ದೆ.

ಉದಯ ಮಾತ್ರ ಒಪ್ಪಲಿಲ್ಲ. "ಭಾವ, ಸೈಜು ಚಿಕ್ಕದು, ರೇಟು ಡಬಲ್ಲು. ತಿಳಿದೋರು ಯಾರಾದ್ರೂ ತಗೋತಾರಾ?"

"ಓದೋಳು ನೀನಾ ಅವಳಾ?" ಅಂದೆ.

ಅನಸೂಯಮ್ಮ ಅಂಗಡಿಯವನ ಪಟ್ಟಿ ಇಸಿದುಕೊಂಡು ಸ್ಪೀಕರು ಹೊಡೆದುಹಾಕಿದರು, ಪ್ರಿಂಟರು ಹೊಡೆದುಹಾಕಿದರು, ಸಿ.ಪಿ.ಯು. ಡಬ್ಬವನ್ನು ಸಾಧಾರಣದ್ದಕ್ಕೆ ಇಳಿಸಿದರು. "ಎತ್ತು ಬಡಕಲಾದರೂ ಚಿಂತೆಯಿಲ್ಲ, ಗಾಡಿಗೆ ದೀಪ ಮಾತ್ರ ಚೆನ್ನಾಗಿರಲಿ," ಅಂದರು. ಉದಯನಿಗೂ ನಗು ಬಂತು. ಕೆಲಸ ಅವನೇ ಮಾಡಿದ ಎನ್ನಬೇಕು. ಬಸ್ಸಿನಲ್ಲಿ ಆ ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದು, ಮನೆಯಲ್ಲಿ ಎಲ್ಲ ಜೋಡಿಸಿ, ಯಾವ ಗುಂಡಿ ಯಾವುದಕ್ಕೆ ಎಂದು ಚೈತನ್ಯಳಿಗೆ ಹೇಳಿಕೊಟ್ಟು ಹೋದ.

ಎಲ್ಲ ಆದಮೇಲೆ ಮುನಿಲಕ್ಷ್ಮಿ ಅರಿಶಿನ ಕುಂಕುಮ ಇಟ್ಟು, ವಿಜ್ಞಾನದ ಪುಸ್ತಕ ತಂದು ಮಾನಿಟರಿನ ಪಕ್ಕದಲ್ಲಿಟ್ಟು, "ಓದು ಕಂದ," ಅಂದಳು.

ಚೈತನ್ಯ ಪರದೆ ನೋಡಿದಳು, ಪುಸ್ತಕ ನೋಡಿದಳು. "ಅಮ್ಮ, ಪುಸ್ತಕ ಹೊರಗಡೆ ಇದೆಯಲ್ಲ. ಒಳಗೆ ಹೆಂಗೆ ಹೋಗುತ್ತೆ?"

ಇದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಷ್ಟು ದೂರ ಹೋಗಿ ಅಷ್ಟೆಲ್ಲ ಜಗಳವಾಡಿ ತಂದ ಕಂಪ್ಯೂಟರಿನಲ್ಲಿ ಓದುವುದಕ್ಕೆ ಒಂದು ಪಾಠವೂ ಇರಲಿಲ್ಲ. ಯಾರ ಮೇಲೆ ಕೂಗಾಡಬೇಕೆಂದು ಹುಡುಕಿದೆ, ಯಾರೂ ಸಿಗಲಿಲ್ಲ. ಮಾರನೇ ದಿನ ಶಿಡ್ಲಘಟ್ಟಕ್ಕೆ ಹೋಗಿ ಹೇಳಿದೆ.

ಅನಸೂಯಮ್ಮ ಹಣೆ ಚಚ್ಚಿಕೊಂಡರು. "ನನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತಪ್ಪ. ಇರಲಿ, ಒಳಗೆ ಹಾಕಿದ್ರಾಯ್ತು. ಬೆರಳು ಇನ್ನೂ ಬದುಕಿವೆ."

ಅಂದಿನಿಂದ ಸಂಜೆ ಹೊತ್ತು, ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಮೇಲೂರಿನ ಬಸ್ಸು ಹತ್ತುತ್ತಿದ್ದರು. ವಿಜ್ಞಾನ, ಸಮಾಜ, ಕನ್ನಡ, ಒಂದೊಂದೇ ಪಾಠವನ್ನು ಕಂಪ್ಯೂಟರಿಗೆ ಟೈಪ್ ಹೊಡೆದರು. ಹಳೇ ಟೈಪ್‌ರೈಟರಿನ ಅಭ್ಯಾಸದಲ್ಲಿ ಬೆರಳು ಬೇರೆ ಕೀಲಿಗೆ ಹೋದರೆ ತಮ್ಮನ್ನು ತಾವೇ ತೆಲುಗಿನಲ್ಲಿ ಬೈದುಕೊಳ್ಳುತ್ತಿದ್ದರು. ಹಿಂದೆ ಚೈತನ್ಯ ಓದಿಕೊಂಡು ಬರುತ್ತಿದ್ದಳು. "ಅಜ್ಜೀ, ಇಲ್ಲಿ ಒತ್ತಕ್ಷರ ಬಿಟ್ಟಿದೀರ." "ಬಿಟ್ಟಿದ್ದು ನಿನ್ನ ಪರೀಕ್ಷೆ ಮಾಡೋಕೆ ಕಣೇ." ಕರೆಂಟು ಹೋದರೆ ಇಬ್ಬರೂ ಜಗುಲಿಯಲ್ಲಿ ಕೂತು ಪಾಠದ ಮೇಲೆ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಇಷ್ಟಕ್ಕೆ ಏನು ಕೊಡಲಿ ಎಂದು ಕೇಳಿದ್ದಕ್ಕೆ, "ಬಾಯಿ ಮುಚ್ಕೊಂಡಿರು, ಅದನ್ನೇ ಕೊಟ್ಟಂಗೆ. ಮಗು ಓದ್ತಿದೆ," ಅಂದರು. ಅರ್ಧ ವರ್ಷದ ಪರೀಕ್ಷೆಯಲ್ಲಿ ಚೈತನ್ಯ ಪ್ರಶ್ನೆಯನ್ನು ಓದಿ ಹೇಳಿಸಿಕೊಂಡು ಬರೆದು, ಎಲ್ಲ ವಿಷಯದಲ್ಲೂ ಪಾಸಾದಳು. ಟಿ.ಸಿ. ಮಾತು ಮತ್ತೆ ಬರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಯವರಿಗೆ ನೋವಾಗಿತ್ತು. ಅನಸೂಯಮ್ಮ ನಮ್ಮ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ. ಮುನಿಲಕ್ಷ್ಮಿ ಮುದ್ದೆ ಮಾಡಿದಳು, ಅವರೆಕಾಳು ಸಾರು ಮಾಡಿದಳು, ಅವರಿಗಾಗಿಯೇ ಚಿತ್ರಾನ್ನ ಮಾಡಿದಳು. "ಹೊಟ್ಟೆ ತುಂಬಿದೆ ಕಣಮ್ಮ," ಅಷ್ಟೇ ಉತ್ತರ. ಕಾಫಿಯೂ ಬೇಡ.

"ನಾವು ಮಾಡಿದ್ದು ಅವರು ಉಣ್ಣಲ್ವೇನೋ," ಅಂದಳು ಒಂದು ದಿನ, ಮುಖ ಸಣ್ಣದು ಮಾಡಿಕೊಂಡು.

ನನಗೆ ನೆತ್ತಿಗೇರಿತು. "ಕೇಳೇ ಬಿಡ್ತೀನಿ ಇವತ್ತು."

"ಸುಮ್ನಿರಿ. ಸಮಾಜದ ಪುಸ್ತಕ ಇನ್ನೂ ಅರ್ಧ ಬಾಕಿ ಇದೆ," ಅಂದು ಮುನಿಲಕ್ಷ್ಮಿ ನನ್ನ ಟವಲು ಹಿಡಿದೆಳೆದಳು. ಅವರನ್ನು ಏನೂ ಕೇಳಲಿಲ್ಲ. ಒಳಗೇ ಇಟ್ಟುಕೊಂಡೆ.

ಒಂಬತ್ತನೆಯದೂ ಹೀಗೇ ಕಳೆಯಿತು. ಹತ್ತನೇ ತರಗತಿಯ ಕೊನೆಯ ಪಾಠ ಹೊಡೆದು ಮುಗಿಸಿದ ಮೇಲೆ ಅನಸೂಯಮ್ಮ ಇನ್‌ಸ್ಟಿಟ್ಯೂಟನ್ನು ಮುಚ್ಚಿ, ಗೌರಿಬಿದನೂರಿನಲ್ಲಿದ್ದ ತಂಗಿ ವರಲಕ್ಷ್ಮಮ್ಮನ ಮನೆಗೆ ಹೋಗಿ ಸೇರಿಕೊಂಡರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆ ಓದಿ ಹೇಳುವುದಕ್ಕೆ ಒಬ್ಬರನ್ನು ಕೊಟ್ಟರು. ಉತ್ತರವನ್ನು ಚೈತನ್ಯ ತನ್ನ ಕೈಯಲ್ಲೇ ಬರೆದಳು. ಪಾಸಾದಳು. ಫಲಿತಾಂಶ ಬಂದ ವಾರವೇ ಮೂವರೂ ಗೌರಿಬಿದನೂರಿಗೆ ಹೋದೆವು. ಮುನಿಲಕ್ಷ್ಮಿ ಒಬ್ಬಟ್ಟು ಕಟ್ಟಿಕೊಂಡಿದ್ದಳು, ತಿನ್ನುತ್ತಾರೆಂಬ ನಂಬಿಕೆ ಇಲ್ಲದೆಯೇ.

ಅನಸೂಯಮ್ಮ ಮಗಳನ್ನು ತಬ್ಬಿಕೊಂಡು, ಅಂಕಪಟ್ಟಿಯನ್ನು ಎರಡೆರಡು ಸಲ ನೋಡಿ, ಡಬ್ಬಿ ಬಿಚ್ಚಿ ನಿಂತಲ್ಲೇ ಒಬ್ಬಟ್ಟು ತಿನ್ನಲು ಶುರು ಮಾಡಿದರು. ಒಂದಾದಮೇಲೆ ಇನ್ನೊಂದಕ್ಕೆ ಕೈ ಹಾಕಿದರು. ಮುನಿಲಕ್ಷ್ಮಿ ನೋಡುತ್ತಾ ನಿಂತವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಅಮ್ಮಾ, ನಮ್ಮ ಮನೇಲಿ ಒಂದು ತೊಟ್ಟು ಕಾಫಿ ಕುಡೀಲಿಲ್ಲ ನೀವು. ಇವತ್ತೆಂಗೆ ತಿಂತಿದೀರಿ?"

ಉತ್ತರ ಕೊಟ್ಟದ್ದು ಒಳಗಿಂದ ಬಂದ ತಂಗಿ ವರಲಕ್ಷ್ಮಮ್ಮ. "ನಿಮ್ಮ ಗೂಡು ಬೇಯಿಸೋ ವಾಸನೆ ಅಕ್ಕನಿಗೆ ಆಗಲ್ಲಮ್ಮ. ಚಿಕ್ಕಂದಿನಿಂದ್ಲೂ ಅಷ್ಟೇ. ಶಿಡ್ಲಘಟ್ಟದಲ್ಲೂ ಆ ಬೀದಿಗಳ ಕಡೆ ಹೋಗ್ತಿರಲಿಲ್ಲ. ನಿಮ್ಮೂರಿಂದ ವಾಪಸ್ ಬಸ್ ಹತ್ತೋಕೆ ಮುಂಚೆ ಎಷ್ಟು ದಿನ ವಾಂತಿ ಮಾಡ್ಕೊಂಡಿದಾಳೋ. ಅದಕ್ಕೇ ಖಾಲಿ ಹೊಟ್ಟೇಲಿ ಬರ್ತಿದ್ಲಂತೆ."

"ನಿನ್ನ ಯಾರೇ ಕೇಳಿದ್ದು," ಅಂತ ಗದರಿದರು ಅನಸೂಯಮ್ಮ.

ನಾನು ನನ್ನ ಅಂಗಿಯ ತೋಳನ್ನೇ ಮೂಸಿ ನೋಡಿಕೊಂಡೆ. ನನಗೆ ಯಾವ ವಾಸನೆಯೂ ಬರಲಿಲ್ಲ. ಹುಟ್ಟಿದಾಗಿನಿಂದ ಅದರೊಳಗೇ ಇರುವವರಿಗೆ ಅದು ತಿಳಿಯುವುದಾದರೂ ಹೇಗೆ? "ಒಂದು ಮಾತು ಹೇಳಬಾರದಾಗಿತ್ತೇನಮ್ಮ?" ಅಂದೆ. ನನ್ನ ದನಿ ಅಷ್ಟು ಸಣ್ಣಗೆ ಬಂದದ್ದು ಕಂಡು ಮುನಿಲಕ್ಷ್ಮಿ ತಿರುಗಿ ನೋಡಿದಳು.

"ಹೇಳಿದ್ರೆ ನೀನು ಸಂಜೆ ಒಲೆ ಆರಿಸಿಬಿಡ್ತಿದ್ದೆ. ನಿನ್ನ ಕೋಪ ಗೊತ್ತಿಲ್ವಾ ನನಗೆ? ಆ ಒಲೆ ನಂಬ್ಕೊಂಡು ಹೆಣ್ಣಾಳುಗಳಿದ್ರು. ಮಗು ಓದಿತಲ್ಲ, ಬಿಡು."

ಮುನಿಲಕ್ಷ್ಮಿ ಬಿಡಲಿಲ್ಲ. ಡಬ್ಬಿಯಲ್ಲಿ ತಂದದ್ದು ಲೆಕ್ಕಕ್ಕಿಲ್ಲ, ಮನೆಗೆ ಬಂದು ಎಲೆ ಮುಂದೆ ಕೂರಲೇಬೇಕೆಂದಳು. ಮುಂದಿನ ಯುಗಾದಿಗೆ ಮೂರು ದಿನ ಮುಂಚೆಯೇ ಒಲೆ ಆರಿಸಿದೆ. ಶೆಡ್ಡು ತೊಳೆಸಿ, ಮನೆಗೆ ಸುಣ್ಣ ಹೊಡೆಸಿ, ಅಂಗಳಕ್ಕೆಲ್ಲ ಸಗಣಿ ಸಾರಿಸಿದೆವು. ಚೈತನ್ಯ ಬಸ್‌ಸ್ಟಾಪಿಗೆ ಹೋಗಿ ಕೈ ಹಿಡಿದು ಕರೆತಂದಳು. ಬಂದರು, ಹೊಸ್ತಿಲವರೆಗೂ ಬಂದರು. ಒಳಗೆ ಬಾಳೆಎಲೆ ಹಾಸಿತ್ತು. ಅಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದುಕೊಂಡರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಗೋಡೆಗೇ ಇಳಿದಿದೆ ಆವಲಪ್ಪ. ಸುಣ್ಣಕ್ಕೆಲ್ಲ ಹೋಗೋದಲ್ಲ ಇದು."

ಜಗುಲಿಯಲ್ಲಿ ಕೂತು ಚೈತನ್ಯ ಕಾಲೇಜಿನ ಪುಸ್ತಕವನ್ನು ತಾನೇ ಟೈಪ್ ಮಾಡಿಕೊಳ್ಳುತ್ತಿರುವ ವಿಷಯ ಕೇಳಿದರು, ಒಂದು ಎಳನೀರು ಕುಡಿದರು, ಮಧ್ಯಾಹ್ನದ ಬಸ್ಸಿಗೆ ಹೊರಟರು. ಆಮೇಲೆಯೂ ಕರೆದಿದ್ದೇವೆ. ಬರುತ್ತಾರೆ, ಪಾಠಕ್ಕಾಗಿ ದಿನವೂ ದಾಟಿದ ಹೊಸ್ತಿಲನ್ನು ಈಗ ದಾಟುವುದಿಲ್ಲ. ನಾನು ಗೂಡು ಬೇಯಿಸುವುದನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಅವರೇ ಬಂದು ಬೈಯುತ್ತಾರೆ. ಬೇರೆಯವರ ಮನೆಯಲ್ಲಿ ಉಂಡವರಿಗೆ ಅನ್ನದ ಋಣ ಇರುತ್ತದೆ. ಅವರು ನಮ್ಮ ಮನೆಯಲ್ಲಿ ಉಣ್ಣದೆ ಹೋದ ಅಷ್ಟೂ ಸಂಜೆಗಳ ಋಣ ನಮ್ಮ ಮೇಲೆ ಹಾಗೇ ಇದೆ.