ಭತ್ತದ ಹುಲ್ಲು ಸುತ್ತಿದ ಮೋಟಾರ್ ಸೈಕಲ್

1982ರ ಜುಲೈ ತಿಂಗಳಲ್ಲಿ ನಾನು ಕಲ್ಯಾಣದ ಒಂದು ಖಾಸಗಿ ಲಾರಿ ಕಂಪೆನಿಯ ಗೋದಾಮಿನಲ್ಲಿ ಬುಕಿಂಗ್ ಇನ್‌ಚಾರ್ಜ್ ಆಗಿದ್ದೆ. ಮನೆ ಡೊಂಬಿವಲಿಯಲ್ಲಿ, ಊರು ಉಡುಪಿಯ ಕಡೆ. ನಮ್ಮ ಕಡೆಯವರು ಮುಂಬಯಿಗೆ ಬಂದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರಬೇಕು ಎಂಬುದು ಆಗ ಬರೆಯದ ಕಾನೂನು. ನಾನು ಹೋಗಿ ಗೋಣಿಚೀಲಗಳ ನಡುವೆ ಕುಳಿತದ್ದನ್ನು ನನ್ನ ಮಾವ ಕೊನೆಯವರೆಗೂ ಕ್ಷಮಿಸಲಿಲ್ಲ.

ಗೋದಾಮಿಗೆ ಬರುವ ಸರಕುಗಳಲ್ಲಿ ನನ್ನ ತಲೆ ತಿನ್ನುತ್ತಿದ್ದದ್ದು ಮೋಟಾರ್ ಸೈಕಲ್. ಅಕ್ಕಿ ಚೀಲ ಉರುಳಿದರೆ ಎತ್ತಿ ನಿಲ್ಲಿಸಿದರಾಯಿತು, ಯಾರೂ ಕೇಳುವುದಿಲ್ಲ. ಮೋಟಾರ್ ಸೈಕಲ್ಲಿನ ಟ್ಯಾಂಕಿಗೆ ಒಂದು ಗೆರೆ ಬಿದ್ದರೆ ಅದರ ಮಾಲೀಕ ಮೂರು ಪುಟದ ಪತ್ರ ಬರೆಯುತ್ತಾನೆ. ಅದಕ್ಕೇ ನಾವು ಮೊದಲು ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಕನ್ನಡಿ ಬಿಚ್ಚಿ, ಗಾಡಿಗೆ ಮೈತುಂಬ ಭತ್ತದ ಹುಲ್ಲು ಕಟ್ಟಿ, ಅದರ ಮೇಲೆ ಗೋಣಿತಟ್ಟು ಹೊಲಿಸುತ್ತಿದ್ದೆವು. ಗಾಡಿಯ ರಿಜಿಸ್ಟ್ರೇಷನ್ ಪುಸ್ತಕವನ್ನೂ ಆರ್‌ಟಿಒ ಕೊಟ್ಟ ಎನ್‌ಒಸಿಯನ್ನೂ, ಅಂದರೆ ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲ ಎಂಬ ಕಾಗದವನ್ನೂ, ಲಾರಿ ಚಾಲಕನ ಕೈಗೆ ಕೊಡಬೇಕಿತ್ತು. ಆ ಕಾಗದವಿಲ್ಲದಿದ್ದರೆ ಗಾಡಿ ಕಳವಿನದೋ ಏನೋ ಎಂದು ದಾರಿಯ ತಪಾಸಣಾ ನಾಕಾದಲ್ಲಿ ಲಾರಿಯನ್ನೇ ನಿಲ್ಲಿಸುತ್ತಿದ್ದರು.

ಹುಲ್ಲು ಕಟ್ಟುವ ಕೆಲಸ ಶರಣಪ್ಪನದು. ಬಿಜಾಪುರದ ಕಡೆಯ ಹಮಾಲ, ಮೂವತ್ತರ ಆಸುಪಾಸಿನವನು, ಮಾತು ಕಡಿಮೆ. ಗೋಣಿ ಹೊಲಿಯುವವಳು ಅವನ ಹೆಂಡತಿ ಬಸವ್ವ. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಇಬ್ಬರೂ ಠಾಕುರ್ಲಿಯ ಹಳಿಗಳ ಪಕ್ಕದ ಜೋಪಡಿಯಿಂದ ನಡೆದೇ ಬರುತ್ತಿದ್ದರು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಅಂಬರನಾಥದ ಒಂದು ಕಾರ್ಖಾನೆಯ ಎಂಜಿನಿಯರೊಬ್ಬರು ಕೆಂಪು ಟ್ಯಾಂಕಿನ ಮೋಟಾರ್ ಸೈಕಲ್ಲನ್ನು ತಂದರು. ಅವರಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಕನ್ಯಾದಾನ ಮಾಡುವ ತಂದೆಯ ಮುಖ ಮಾಡಿಕೊಂಡು ಗಾಡಿಯ ಸುತ್ತ ನಾಲ್ಕು ಬಾರಿ ತಿರುಗಿದರು. ಘಾಟಿನಲ್ಲಿ ಗಾಡಿ ವಾಲದಂತೆ ಹಿಡಿದುಕೊಳ್ಳಲು ಒಬ್ಬ ಆಳು ಜೊತೆಗೆ ಹೋಗಲೇಬೇಕು ಎಂದು ಹಟ ಹಿಡಿದರು. ಶರಣಪ್ಪ ಹೋಗುತ್ತಾನೆ ಎಂದು ಹೇಳಿ ಅವರನ್ನು ಸಾಗಹಾಕಿದೆ.

ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಒಳಗಿದ್ದ ಒಣಹುಲ್ಲು ಮುಗಿದಿತ್ತು. ಹಿಂದಿನ ತಗಡಿನ ಮಾಡಿನ ಕೆಳಗೆ ಬೇಸಿಗೆಯಿಂದ ಬಿದ್ದಿದ್ದ ಹಳೆಯ ರಾಶಿಯಿಂದಲೇ ತೆಗೆದುಕೋ ಎಂದೆ. ಅದರ ಮೇಲ್ಭಾಗ ನೆನೆದಿದೆ, ತಳದ್ದು ಒಣಗಿರುತ್ತದೆ ಎಂದವನೂ ನಾನೇ. ಶರಣಪ್ಪ ರಾಶಿಯ ಬುಡಕ್ಕೆ ಕೈಹಾಕಿ ಹುಲ್ಲು ಎಳೆದು ತಂದು ಗಾಡಿಗೆ ಕಟ್ಟಿದ. ಹನ್ನೊಂದೂವರೆಯ ಹೊತ್ತಿಗೆ ನನ್ನ ಮೇಜಿನ ಮುಂದೆ ಬಂದು ನಿಂತ.

“ಏನೋ ಚುಚ್ಚಿತ್ರಿ ಸಾಹೇಬ್ರ. ಬೆರಳು ಭಾಳ ಉರ್ಯಾಕತ್ತೈತಿ.”

ನಾನು ಬಿಲ್ಟಿ ಬರೆಯುತ್ತಿದ್ದೆ. ಬಿಲ್ಟಿ ಎಂದರೆ ಸರಕಿನ ಜೊತೆ ಹೋಗುವ ರಸೀದಿ, ಅದರ ನಾಲ್ಕು ಪ್ರತಿಗೂ ಅಕ್ಷರ ಮೂಡುವಂತೆ ಒತ್ತಿ ಬರೆಯಬೇಕು. ತಲೆ ಎತ್ತಲಿಲ್ಲ. “ಮುಳ್ಳು ಮಾರಾಯ, ಸುಣ್ಣ ಹಚ್ಚು” ಎಂದೆ. ಅವನು ತಂಬಾಕಿನ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿಕೊಂಡ. ಹನ್ನೆರಡೂವರೆಗೆ ಲಾರಿ ಹೊರಟಿತು. ಚಾಲಕ ಬಾಬುರಾವ್ ಸೊಲ್ಲಾಪುರದವನು, ಶರಣಪ್ಪನ ಜೊತೆ ಕನ್ನಡದಲ್ಲೇ ಹರಟುವವನು. ಹಿಂದೆ ಗಾಡಿಯನ್ನು ಹಿಡಿದು ಕುಳಿತಿದ್ದ ಶರಣಪ್ಪ ಹೆಂಡತಿಯತ್ತ ಎಡಗೈ ಎತ್ತಿದ್ದು ನನಗೆ ನೆನಪಿದೆ. ಬಲಗೈಯನ್ನು ಅವನು ಮಡಿಲಲ್ಲಿ ಇಟ್ಟುಕೊಂಡಿದ್ದ.

ಎರಡು ಗಂಟೆಗೆ ಇನ್ನೊಂದು ಸ್ಕೂಟರ್ ಕಟ್ಟಲೆಂದು ಬಸವ್ವ ಅದೇ ರಾಶಿಯನ್ನು ಬಿದಿರಿನಿಂದ ಕೆದಕಿದಳು. ಒಣ ಎಲೆ ಉಜ್ಜಿದಂಥ ಸದ್ದು ಬಂತು. ಒಂದೂವರೆ ಗೇಣು ಉದ್ದದ, ಮಣ್ಣಿನ ಬಣ್ಣದ ಹಾವು ಮೈಯನ್ನು ಎಂಟರ ಅಂಕಿಯ ಹಾಗೆ ಸುತ್ತಿಕೊಂಡು, ಹುರುಪೆಗೆ ಹುರುಪೆ ತಿಕ್ಕಿ ಸದ್ದು ಮಾಡುತ್ತಿತ್ತು. ಅದರ ಕೆಳಗೆ ಪೆನ್ಸಿಲ್ ತುಂಡಿನಷ್ಟು ಮರಿಗಳು. ಪಕ್ಕದ ಗೋದಾಮಿನ ಮರಾಠಿ ಮುದುಕ ಒಮ್ಮೆ ನೋಡಿ “ಫುರ್ಸೇ” ಎಂದು ಎರಡು ಹೆಜ್ಜೆ ಹಿಂದೆ ಸರಿದ. ನಮ್ಮ ಗರಗಸಮಂಡಲ. ಇದು ಕಚ್ಚಿದರೆ ನಾಗರ ಕಚ್ಚಿದಂತೆ ಥಟ್ಟನೆ ಏನೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ, ಮನುಷ್ಯ ನಿಧಾನವಾಗಿ ಒಸಡಿನಿಂದ, ಮೂಗಿನಿಂದ ಸೋರಿಹೋಗುತ್ತಾನೆ. ಮುದುಕ ಅದನ್ನೆಲ್ಲ ಸಾವಕಾಶವಾಗಿ ವಿವರಿಸಿದ. ಅವನ ತಮ್ಮ ಹಾಗೆಯೇ ಹೋಗಿದ್ದನಂತೆ, ಮೂರನೆಯ ದಿನ.

“ಪುಣ್ಯಾ, ಯಾರಿಗೂ ಕಚ್ಚಲಿಲ್ಲ ನೋಡ್ರಿ” ಎಂದು ಬಸವ್ವ ಬಿದಿರು ಒರೆಸುತ್ತ ನಕ್ಕಳು.

ಮುಳ್ಳು ಎಂದು ನಾನು ಹೇಳಿದ್ದು ನನ್ನ ಕಿವಿಯಲ್ಲೇ ಮತ್ತೆ ಮತ್ತೆ ಕೇಳಿಸಿತು. ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹಗ್ಗ ಕಂಡು ಹಾವೆಂದು ಹೆದರುತ್ತಿದ್ದೇನೇನೋ, ನಿಜವಾಗಿ ಮುಳ್ಳೇ ಇದ್ದರೆ ಈ ಹೆಂಗಸನ್ನು ಸುಮ್ಮನೆ ಯಾಕೆ ಅಳಿಸಲಿ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ನಿಜ ಸಂಗತಿ ಬೇರೆ. ಅವಳು ನನ್ನ ಮುಖ ನೋಡಿ ಏನು ಅಂದಾಳೋ ಎಂಬ ಹೆದರಿಕೆ ನನಗೆ.

ಒಳಗೆ ಓಡಿ ಟೆಲಿಫೋನ್ ಎತ್ತಿದೆ. ಅದು ಮಳೆಗೆ ಸತ್ತು ಎರಡು ದಿನವಾಗಿದ್ದದ್ದು ಆಗ ನೆನಪಾಯಿತು. ಲಾರಿ ಹೊರಟು ಒಂದೂವರೆ ಗಂಟೆಯಾಗಿದೆ. ಇಷ್ಟು ಹೊತ್ತಿಗೆ ಪನ್ವೇಲ್ ದಾಟಿ ಘಾಟಿನ ಬುಡ ಸೇರಿರಬೇಕು. ಮೇಲೆ ಹತ್ತಿತೆಂದರೆ ನನ್ನ ಕೈಗೆ ಸಿಗುವುದಿಲ್ಲ. ಛತ್ರಿಗೆಂದು ಮೇಜಿನ ಖಾನೆ ಎಳೆದೆ. ಛತ್ರಿಯ ಪಕ್ಕದಲ್ಲೇ ಎಂಜಿನಿಯರರ ರಿಜಿಸ್ಟ್ರೇಷನ್ ಪುಸ್ತಕವೂ ಎನ್‌ಒಸಿಯೂ ತಣ್ಣಗೆ ಮಲಗಿದ್ದವು. ಬಾಬುರಾವ್‌ಗೆ ಕೊಡಲು ನಾನು ಮರೆತಿದ್ದೆ.

ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಒಂದು ತಪ್ಪಿಗಾಗಿ ದೇವರಿಗೆ ಕೈಮುಗಿದದ್ದು ಅದೊಂದೇ ಸಲ. ಕಾಗದವಿಲ್ಲದ ಮೋಟಾರ್ ಸೈಕಲ್ ಇದ್ದ ಲಾರಿಯನ್ನು ಪನ್ವೇಲ್ ಹತ್ತಿರದ ನಾಕಾದಲ್ಲಿ ತಡೆದಿರಲೇಬೇಕು. ಮರುಕ್ಷಣ ಇನ್ನೊಂದು ಹೆದರಿಕೆ ಎದ್ದಿತು. ಬಾಬುರಾವ್ ಮಾತಿನ ಮಲ್ಲ, ಕಲ್ಲನ್ನೂ ಕರಗಿಸಿ ನಾಕಾ ದಾಟಬಲ್ಲವನು.

ಅಂಗಳದಲ್ಲಿದ್ದ ಟೆಂಪೊ ಹತ್ತಿದೆ. “ಕಾಗದ ಉಳಿದುಬಿಟ್ಟಿದೆ, ಕೊಟ್ಟು ಬರ್ತೇನೆ” ಎಂದು ಬಸವ್ವನಿಗೆ ಹೇಳಿದೆ. ಅವಳು ಓಡಿಬಂದು ಬಟ್ಟೆಯ ಗಂಟೊಂದನ್ನು ನನ್ನ ಕೈಗೆ ತುರುಕಿದಳು.

“ರೊಟ್ಟಿ ಮರ್ತು ಹೋಗ್ಯಾನ್ರಿ. ಅಂವಗ ಕೊಡ್ರಿ.”

ಪನ್ವೇಲ್ ಕಡೆಯ ಶೀಳ್ ರಸ್ತೆಯುದ್ದಕ್ಕೂ ಆ ಗಂಟು ನನ್ನ ತೊಡೆಯ ಮೇಲಿತ್ತು. ಮಳೆಯಲ್ಲಿ ಹತ್ತು ಮಾರು ಮುಂದೆ ಏನೂ ಕಾಣುತ್ತಿರಲಿಲ್ಲ. ಎದುರು ಬಂದ ಪ್ರತಿ ಲಾರಿಯೂ ನಮ್ಮದೇ, ಅವನ ಹೆಣವನ್ನು ಹೊತ್ತು ವಾಪಸು ಬರುತ್ತಿದೆ ಎನಿಸುತ್ತಿತ್ತು. ಟೆಂಪೊ ಚಾಲಕ ಎರಡು ಸಲ ಏನೋ ಕೇಳಿದ. ಉತ್ತರ ಕೊಟ್ಟೆನೋ ಇಲ್ಲವೋ ಗೊತ್ತಿಲ್ಲ. ನಾಕಾ ತಲುಪಿದಾಗ ಮೂರೂಮುಕ್ಕಾಲು. ಸಾಲುಗಟ್ಟಿ ನಿಂತ ಲಾರಿಗಳಲ್ಲಿ ನಮ್ಮದಿರಲಿಲ್ಲ. ಸಾಲಿನ ಕೊನೆಯವರೆಗೆ ಓಡಿದ ಮೇಲೆ, ರಸ್ತೆಯಿಂದ ಕೆಳಗೆ ಒಂದು ಬದಿಗೆ ನಿಲ್ಲಿಸಿದ್ದ ನಮ್ಮ ಲಾರಿ ಕಂಡಿತು.

ಬಾಬುರಾವ್ ನನ್ನ ಮೇಲೆ ಹರಿಹಾಯ್ದ. “ಕಾಗದ ಇಲ್ದ ಕಳಿಸ್ತೀರೇನ್ರಿ? ಎರಡು ತಾಸಾತು ನಿಂತು.” ಆಮೇಲೆ ದನಿ ಇಳಿಸಿದ. “ಮೊದಲ ಇಂವನ್ನ ನೋಡ್ರಿ. ಹಲ್ಲಿನಾಗಿಂದ ರಗತ ಬರಾಕತ್ತೈತಿ. ಆಗಿಂದ ಹೇಳಾಕತ್ತೀನಿ, ಡಾಕ್ಟರ್‌ಗೆ ತೋರ್ಸೋಣ ನಡಿ ಅಂತ. ಕೇಳವಲ್ಲ. ‘ಸಾಹೇಬ್ರು ನೋಡ್ಯಾರ, ಮುಳ್ಳಂತ’ ಅಂತಾನ.”

ಸಾಹೇಬರು ನೋಡಿರಲಿಲ್ಲ. ಶರಣಪ್ಪ ಹಿಂದೆ ಮೋಟಾರ್ ಸೈಕಲ್ಲಿಗೆ ಒರಗಿ ಕುಳಿತಿದ್ದ. ಬಲಗೈ ಮೊಣಕೈವರೆಗೆ ಬಾತು ಹೊಳೆಯುತ್ತಿತ್ತು. ತೋರುಬೆರಳಿನ ಮೇಲೆ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು, ಬಿರುಕಿನಿಂದ ರಕ್ತ ಇನ್ನೂ ಒಸರುತ್ತಿತ್ತು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದ. ಅವನ ಮುಖ ನೋಡುವ ಧೈರ್ಯವಾಗದೆ ಅವನ ಕೈಯನ್ನೇ ನೋಡಿದೆ. ಬೆಳಿಗ್ಗೆ ನೋಡಬೇಕಾಗಿದ್ದ ಕೈ ಅದು.

ಪನ್ವೇಲಿನ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಅವನ ರಕ್ತವನ್ನು ಒಂದು ಗಾಜಿನ ನಳಿಕೆಯಲ್ಲಿ ತೆಗೆದು ಕಿಟಕಿಯಲ್ಲಿ ನಿಲ್ಲಿಸಿದರು. ಇಪ್ಪತ್ತು ನಿಮಿಷ ಅಲುಗಾಡಿಸಬಾರದು, ಆಮೇಲೆ ವಾಲಿಸಿದಾಗ ಹೆಪ್ಪುಗಟ್ಟಿದ್ದರೆ ಹೆದರಬೇಕಾಗಿಲ್ಲ ಎಂದರು. ಗೋಡೆಯ ಗಡಿಯಾರದ ಕೆಳಗೆ ನಿಂತು ಆ ಇಪ್ಪತ್ತು ನಿಮಿಷವನ್ನೂ ನೋಡಿದೆ. ಡಾಕ್ಟರು ನಳಿಕೆ ವಾಲಿಸಿದರು. ರಕ್ತ ನೀರಿನಂತೆ ಹರಿಯಿತು. ಅವರು ನನ್ನತ್ತ ನೋಡದೆ ನರ್ಸನ್ನು ಕರೆದು ವಿಷನಿರೋಧಕ ಔಷಧಿಯ ಬಾಟಲಿಗಳನ್ನು ತರಿಸಿದರು. “ಮನೆಯವರಿಗೆ ಹೇಳಿ ಕಳಿಸಿ” ಎಂದಷ್ಟೇ ಹೇಳಿದರು.

ಟೆಂಪೊ ಚಾಲಕನನ್ನು ಕಲ್ಯಾಣಕ್ಕೆ ಕಳಿಸಿದೆ. ಬಸವ್ವ ಬರುವಷ್ಟರಲ್ಲಿ ಕತ್ತಲಾಗಿತ್ತು. ಅವಳು ಅಳಲಿಲ್ಲ. ಗಂಡನ ಕಾಲ ಬಳಿ ಕುಳಿತು ಅವನ ಪಾದದ ಮೇಲೆ ಕೈಯಿಟ್ಟಳು. ಮುಂದಿನ ಎರಡು ದಿನ ಆರು ಗಂಟೆಗೊಮ್ಮೆ ನಳಿಕೆ ವಾಲಿಸುತ್ತಿದ್ದರು, ಪ್ರತಿ ಸಲವೂ ರಕ್ತ ಹರಿದುಬಿಡುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ರಕ್ತ ನಳಿಕೆಗೆ ಅಂಟಿ ನಿಂತಿತು. ಬೆರಳಿನ ತುದಿ ಉಳಿಯಲಿಲ್ಲ. ಶರಣಪ್ಪ ಉಳಿದ.

ನಾನು ಹಾವಿನ ಸಂಗತಿ ಹೇಳಿ ಕಾಗದ ಕೊಟ್ಟ ಮೇಲೆ, ಮೋಟಾರ್ ಸೈಕಲ್ಲಿನ ಹುಲ್ಲನ್ನು ಬಾಬುರಾವ್ ನಾಕಾದಲ್ಲೇ ಬಿದಿರು ಹಿಡಿದು ಬಿಚ್ಚಿದ್ದ. ಒಳಗೆ ಮರಿ ಸಹ ಸಿಗಲಿಲ್ಲ. ಬರಿಯ ಗೋಣಿ ಸುತ್ತಿ ಹುಬ್ಬಳ್ಳಿ ಮುಟ್ಟಿಸಿದ. ಟ್ಯಾಂಕಿನ ಮೇಲೆ ಎರಡು ಇಂಚಿನ ಗೆರೆ ಬಿದ್ದಿದೆ ಎಂದು ಎಂಜಿನಿಯರರು ಮೂರು ಪುಟ ಬರೆದರು. ಆ ಪತ್ರ ಓದಿ ನನಗೆ ಸಮಾಧಾನವಾಯಿತು. ಲೋಕ ಎಂದಿನಂತೆಯೇ ಇತ್ತು.

ಎಂಟನೆಯ ದಿನ ಅವರಿಬ್ಬರನ್ನು ಮನೆಗೆ ಕರೆದೊಯ್ಯಲು ನಾನೇ ಹೋದೆ. ಬಸವ್ವ ಹೊರಗಿನ ವರಾಂಡದಲ್ಲಿ ಬಟ್ಟೆ ಮಡಚುತ್ತಿದ್ದಳು. ಅಷ್ಟು ದಿನ ಒಂದು ಮಾತು ಕೇಳದವಳು ಆಗ ಕೇಳಿದಳು.

“ರೊಟ್ಟಿ ಕೊಟ್ಟಾಗ ನಿಮಗ ಗೊತ್ತಿತ್ತೇನ್ರಿ?”

“ಸಂಶಯ ಇತ್ತು” ಎಂದೆ. “ನೀನು ಹೆದರ್ತೀಯಾ ಅಂತ ಹೇಳಲಿಲ್ಲ.”

ಅವಳು ಬಟ್ಟೆಯನ್ನು ಕೆಳಗಿಟ್ಟಳು. “ಅಂಜೋದು ನಂದ ಇತ್ರಿ, ಅಂವ ನನ್ನ ಗಂಡ. ಟೆಂಪೊದಾಗ ನಾನೂ ಬರ್ತಿದ್ನಿ. ನೀವು ಹುಡುಕ್ಕೋತ ಹೋದ ಹೊತ್ತಿನ್ಯಾಗ ನಾನು ಅಲ್ಲಿ ಕುಂತು ಹಾಡ ಅನ್ಕೋತ ಚೀಲಾ ಹೊಲಿಯಾಕತ್ತಿದ್ನಿ. ಅಂವ ಸತ್ತಿದ್ರ, ಆ ಹಾಡ ನಾನು ಎಲ್ಲಿ ಇಡ್ಲಿ?”

ಅವಳು ಕೆಳಗಿಟ್ಟ ಬಟ್ಟೆಯನ್ನು ಎತ್ತಿ ನಾನೇ ಮಡಚಿ ಗಂಟಿಗೆ ಹಾಕಿದೆ.

ಆಮೇಲೆ ನಾವು ಹುಲ್ಲು ಬಳಸುವುದನ್ನು ನಿಲ್ಲಿಸಿ ರಟ್ಟನ್ನೂ ಹಳೆಯ ಟ್ಯೂಬನ್ನೂ ಕಟ್ಟತೊಡಗಿದೆವು. ಯಾರಾದರೂ ಕೈ ಮುಂದೆ ಚಾಚಿದರೆ ನಾನು ಪೆನ್ನು ಕೆಳಗಿಡುತ್ತಿದ್ದೆ. ಇವು ಯಾವ ಗೋದಾಮಿನಲ್ಲಾದರೂ ಕಲಿಯಬಹುದಾದ ಪಾಠ. ಬಸವ್ವ ಕಲಿಸಿದ್ದು ಬೇರೆ. ಕೆಟ್ಟ ಸುದ್ದಿ ಬರಿಯ ಸಂಶಯವಾಗಿದ್ದರೂ, ಅದು ಯಾರಿಗೆ ಸೇರಿದ್ದೋ ಅವರಿಗೆ ಮೊದಲು ಮುಟ್ಟಬೇಕು, ನಮ್ಮ ಜೇಬಿನಲ್ಲಿಟ್ಟುಕೊಂಡು ಓಡಾಡುವ ಹಕ್ಕು ನಮಗಿಲ್ಲ. ನಿವೃತ್ತನಾಗುವವರೆಗೆ ನಮ್ಮ ಲಾರಿ ಗೊತ್ತುಮಾಡಿದ ಹೊತ್ತಿಗೆ ಊರು ಮುಟ್ಟದೆ ಹೋದದ್ದು ಐದು ಸಲ. ಪ್ರತಿ ಸಲವೂ ನಾನು ಮೊದಲು ಹೋದದ್ದು ಚಾಲಕನ ಮನೆಗೆ. ನಾಲ್ಕು ಸಲ ಅದು ಏನೂ ಅಲ್ಲದ್ದಾಗಿ, ಸುಮ್ಮನೆ ಹೆದರಿಸಿದಿರಿ ಎಂದು ಬೈಸಿಕೊಂಡು ಬಂದೆ. ಒಂದು ಸಲ ಬೈಯಲಿಲ್ಲ. ಬಾಗಿಲು ತೆರೆದ ಹೆಂಗಸು ಒಲೆ ಆರಿಸಿ, ಸೆರಗು ಹೊದ್ದು, ನನಗಿಂತ ಮುಂದಾಗಿ ರಸ್ತೆಗೆ ಇಳಿದಳು.